ಹಳ್ಳದ ತುಂಬ ಕಾಣುವ ಕಪ್ಪೆ ಅಳಿವಿನಂಚಿನಲ್ಲಿದೆ ಅಂದ್ರೆ ಏನರ್ಥ?

ತೋಟದ_ಹುಡುಗ:
ನಾವು ಮೂಡಿಗೆರೆ ಕಡೆಯವರು, ಚಾರ್ಮಾಡಿ ಘಾಟಿಗೆ ಹತ್ತಿರ. ತೋಟದ ಕೆಳಗೆ ಒಂದು ಹಳ್ಳ ಇದೆ. ಎರಡೂ ದಡದಲ್ಲಿ ಹಳೇ ಕಾಡುಮರ. ಮಳೆಯ ಜೋರು ಇಳಿದು ನೀರು ತಿಳಿಯಾಗುವ ಹೊತ್ತಿಗೆ ಅಲ್ಲಿನ ಒದ್ದೆ ಬಂಡೆಗಳ ಮೇಲೆ ಸಣ್ಣ ಕಂದು ಕಪ್ಪೆಗಳು ಬಂದು ಕೂರುತ್ತವೆ. ಎರಡು ಎರಡೂವರೆ ಸೆಂಟಿಮೀಟರ್ ಇರಬಹುದು. ಗಂಟಲ ಕೆಳಗೆ ಬೆಳ್ಳನೆ ಗುಳ್ಳೆ ಉಬ್ಬಿಸಿ ಕೂಗುತ್ತವೆ, ಆಮೇಲೆ ಒಂದು ಹಿಂಗಾಲನ್ನು ಹಿಂದಕ್ಕೆ ಪೂರ್ತಿ ಚಾಚಿ, ಬೆರಳು ಬಿಡಿಸಿ, ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತವೆ. ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಈಚೆಗೆ ಹಳ್ಳ ನೋಡಲು ಬಂದ ಕಾಲೇಜು ಹುಡುಗರು ಇದು ಕುಣಿಯುವ ಕಪ್ಪೆ, ಅಳಿವಿನಂಚಿನ ಜಾತಿ ಅಂದರು. ಅಪ್ಪ ನಕ್ಕುಬಿಟ್ಟರು. "ಒಂದೊಂದು ಬಂಡೆ ಸುತ್ತ ನಾಲ್ಕೈದು ಇದಾವೆ, ಎಲ್ಲಿಯ ಅಳಿವು" ಅಂತ. ನನಗೂ ಹಾಗೇ ಅನಿಸಿತು. ಯಾರು ಎಣಿಸುತ್ತಾರೆ, ಯಾವ ಲೆಕ್ಕದಲ್ಲಿ ಇದು ಅಪಾಯದಲ್ಲಿದೆ ಅಂತ ತೀರ್ಮಾನ ಆಗುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಗೊದಮೊಟ್ಟೆ:
ಅಪ್ಪ ನಕ್ಕಿದ್ದರಲ್ಲಿ ತಪ್ಪೇನಿಲ್ಲ, ಎಲ್ಲರೂ ಕೇಳುವ ಪ್ರಶ್ನೆಯೇ ಇದು.

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ದರ್ಜೆ ಹಾಕುವ ಕೆಂಪು ಪಟ್ಟಿ 1964ರಿಂದ ಇದೆ, ಐಯುಸಿಎನ್ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆಯದು. ಅಲ್ಲಿ ಕಪ್ಪೆಗಳ ತಲೆ ಎಣಿಸಿ ದರ್ಜೆ ಕೊಡುವುದು ಅಪರೂಪ. ಸಣ್ಣ ಕಪ್ಪೆಯನ್ನು ಎಣಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಹಾಗಾಗಿ ಜಾಸ್ತಿ ಸಲ ನೋಡುವುದು ಜಾಗದ ಲೆಕ್ಕ. ಈ ಜಾತಿ ಸಿಕ್ಕಿದ ಎಲ್ಲ ಕಡೆಗೂ ನಕ್ಷೆಯಲ್ಲಿ ಚುಕ್ಕೆ ಇಟ್ಟು, ಹೊರಗಿನ ಚುಕ್ಕೆಗಳನ್ನು ಗೆರೆ ಎಳೆದು ಸೇರಿಸುತ್ತಾರೆ. ಒಳಗೆ ಬಂದ ವಿಸ್ತೀರ್ಣ 20,000 ಚದರ ಕಿಲೋಮೀಟರಿಗಿಂತ ಕಡಿಮೆ ಇದ್ದರೆ ವಲ್ನರಬಲ್ (ಅಪಾಯಕ್ಕೆ ಹತ್ತಿರ), 5,000ಕ್ಕಿಂತ ಕಡಿಮೆ ಇದ್ದರೆ ಎಂಡೇಂಜರ್ಡ್ (ಅಳಿವಿನಂಚು), 100ಕ್ಕಿಂತ ಕಡಿಮೆ ಇದ್ದರೆ ಕ್ರಿಟಿಕಲಿ ಎಂಡೇಂಜರ್ಡ್ (ಅಳಿವಿನ ತೀರಾ ಅಂಚು). ಇನ್ನೊಂದು ಲೆಕ್ಕವೂ ಇದೆ. ನಕ್ಷೆಯನ್ನು ಎರಡು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಕಪ್ಪೆ ಇರುವ ಚೌಕಗಳನ್ನು ಮಾತ್ರ ಕೂಡುತ್ತಾರೆ. ಒಂದು ಚೌಕ ಅಂದರೆ 4 ಚದರ ಕಿಲೋಮೀಟರ್. ಎರಡೇ ಚೌಕದಲ್ಲಿ ಸಿಕ್ಕಿದರೆ 8. ಕ್ರಿಟಿಕಲ್ ದರ್ಜೆಯ ಮಿತಿ 10.

ಆದರೆ ಜಾಗ ಚಿಕ್ಕದು ಅನ್ನುವುದೊಂದೇ ಸಾಕಾಗಲ್ಲ. ಅದರ ಜೊತೆಗೆ ಈ ಮೂರು ವಿಷಯಗಳಲ್ಲಿ ಎರಡಾದರೂ ಕೂಡಿ ಬರಬೇಕು. ಇರುವ ಜಾಗ ತುಂಡು ತುಂಡಾಗಿದೆಯಾ ಅಥವಾ ಬೆರಳೆಣಿಕೆಯ ತಾಣಗಳಲ್ಲಿ ಮಾತ್ರ ಇದೆಯಾ, ಆ ಜಾಗದ ಗುಣ ವರ್ಷದಿಂದ ವರ್ಷಕ್ಕೆ ಕೆಡುತ್ತಿದೆಯಾ, ಸಂಖ್ಯೆ ವಿಪರೀತ ಏರಿಳಿಯುತ್ತದೆಯಾ, ಹೀಗೆ. 'ತಾಣ' ಅನ್ನುವುದಕ್ಕೂ ಅವರದ್ದೇ ಲೆಕ್ಕ ಇದೆ. ಒಂದೇ ಹೊಡೆತಕ್ಕೆ ಸಿಕ್ಕಿ ಒಟ್ಟಿಗೇ ಹಾಳಾಗಬಹುದಾದ ಜಾಗ ಎಷ್ಟು ದೊಡ್ಡದಿದ್ದರೂ ಅದು ಒಂದೇ ತಾಣ. ಒಂದು ಅಣೆಕಟ್ಟಿನಿಂದ ಹತ್ತು ಹಳ್ಳ ಒಣಗುತ್ತವೆ ಅಂದರೆ ಆ ಹತ್ತೂ ಹಳ್ಳ ಸೇರಿ ಒಂದು ತಾಣ.

ಹಾಗಾಗಿ ನಿಮ್ಮ ಹಳ್ಳದಲ್ಲಿ ತುಂಬ ಇರುವುದೂ ನಿಜ, ಜಾತಿ ಅಪಾಯದಲ್ಲಿರುವುದೂ ನಿಜ. ಎರಡಕ್ಕೂ ಜಗಳ ಇಲ್ಲ.

ಸುಮ್ನೆ_ಓದುಗ:
ನಿಮ್ಮ ಮೂಡಿಗೆರೆ ಕಡೆಯ ಕೊಟ್ಟಿಗೆಹಾರ ಅಂದ್ರೆ ನೀರುದೋಸೆ ಅಂತ ಅಷ್ಟೇ ಗೊತ್ತಿತ್ತು ನಂಗೆ. ಆ ಊರಿನ ಹೆಸರಿನ ಕಪ್ಪೆ ಇದೆ ಅಂತ ಓದಿದ್ದೆ, ಇದೇನಾ ಅದು?

ಗೊದಮೊಟ್ಟೆ:
ಇರಬಹುದು. ಮಿಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. 1937ರಲ್ಲಿ ಸಿ.ಆರ್. ನಾರಾಯಣ ರಾವ್ ವಿವರಿಸಿದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದವರು. ಆ ಕಾಲದಲ್ಲೇ ಮಲೆನಾಡಿನ ಇಷ್ಟಿಷ್ಟು ಚಿಕ್ಕ ಕಪ್ಪೆಗಳ ಹಿಂದೆ ಬಿದ್ದವರು ಅವರು, ನಮ್ಮ ಜನಕ್ಕೆ ಹೆಸರೇ ಗೊತ್ತಿಲ್ಲ. ಬೇಜಾರಿನ ಸಂಗತಿ ಅಂದರೆ ಅವರು ಜೋಪಾನ ಮಾಡಿಟ್ಟಿದ್ದ ಮಾದರಿಗಳು ಆಮೇಲೆ ಕಳೆದುಹೋದವು. ಮೂಲ ಮಾದರಿ ಇಲ್ಲದಿದ್ದರೆ ಹೊಸದಾಗಿ ಸಿಕ್ಕಿದ ಕಪ್ಪೆ ಅದೇ ಹೌದಾ ಅಲ್ವಾ ಅಂತ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಹೀಗೆ ಒಂದು ಹೆಸರಿನ ಹಿಂದೆ ನಾಲ್ಕು ಜಾತಿ ಅಡಗಿ ಕೂತಿದ್ದರೂ ಎಷ್ಟೋ ವರ್ಷ ಗೊತ್ತಾಗಲ್ಲ.

2014ರಲ್ಲಿ ಕಪ್ಪೆ ಸಂಶೋಧಕ ಎಸ್.ಡಿ. ಬಿಜು ಮತ್ತು ಅವರ ತಂಡ ಒಂದೇ ಪ್ರಬಂಧದಲ್ಲಿ 14 ಹೊಸ ಕುಣಿಯುವ ಕಪ್ಪೆಗಳನ್ನು ವಿವರಿಸಿತು. ಈಗ ಒಟ್ಟು 24 ಜಾತಿ. ಇಡೀ ಕುಟುಂಬವೇ ಪಶ್ಚಿಮ ಘಟ್ಟದ್ದು, ಪ್ರಪಂಚದ ಬೇರೆ ಎಲ್ಲೂ ಇಲ್ಲ. ತೋಟದ ಹುಡುಗನ ಹಳ್ಳದಲ್ಲಿರುವುದು ಯಾವ ಜಾತಿ ಅಂತ ಫೋಟೋ ಒಂದರಿಂದ ಹೇಳಲು ನಾನಂತೂ ಹೋಗಲ್ಲ. ಒಂದೇ ಜಾತಿಯೊಳಗೇ ಬಣ್ಣ ಅಷ್ಟು ಬದಲಾಗುತ್ತದೆ.

ಕಾಳುಮೆಣಸು:
ಇದೇ ನೋಡಿ ನನ್ನ ತಕರಾರು. ಮೊದಲು ಹತ್ತು ಜಾತಿ ಅಂದಿರಿ. ಆಮೇಲೆ ಅದನ್ನೇ ಕತ್ತರಿಸಿ 24 ಮಾಡಿದಿರಿ. ಒಂದೊಂದರ ಪಾಲಿಗೆ ಬಂದ ಜಾಗ ಚಿಕ್ಕದಾಯ್ತು. ಈಗ ಎಲ್ಲವೂ ಅಪಾಯದಲ್ಲಿ! ಕಪ್ಪೆ ಕಮ್ಮಿ ಆಗದೇನೇ ಪಟ್ಟಿ ಉದ್ದ ಆಯ್ತಲ್ಲ ಮಾರಾಯ್ರೆ.

ಗೊದಮೊಟ್ಟೆ:
ಅರ್ಧ ಸರಿ. ಜಾತಿ ಬೇರೆ ಬೇರೆ ಅಂತ ಗೊತ್ತಾದಾಗ ಪ್ರತಿಯೊಂದರ ವ್ಯಾಪ್ತಿ ಚಿಕ್ಕದಾಗುತ್ತದೆ, ನಿಜ. ಆದರೆ ಅದು ಕಾಗದದ ಮೇಲಿನ ಆಟ ಅಲ್ಲ. ಒಂದು ಘಟ್ಟದ ಕಪ್ಪೆ ಸತ್ತರೆ ಪಕ್ಕದ ಘಟ್ಟದಿಂದ ಬಂದು ತುಂಬುತ್ತದೆ ಅಂತ ನಾವು ಅಂದುಕೊಂಡಿದ್ದೆವಲ್ಲ, ಅದು ಆಗುವುದಿಲ್ಲ ಅಂತ ಈಗ ಗೊತ್ತಾಯಿತು. ಪಕ್ಕದ್ದು ಬೇರೆಯದೇ ಜಾತಿ.

2023ರ ಅಕ್ಟೋಬರಿನಲ್ಲಿ ಎರಡನೇ ಜಾಗತಿಕ ಉಭಯಚರ ಸಮೀಕ್ಷೆ ಹೊರಬಂತು. 8,011 ಜಾತಿ ನೋಡಿದ್ದಾರೆ, ಶೇ. 40.7 ಅಪಾಯದಲ್ಲಿವೆ. ಭಾರತದಲ್ಲಿ ನೋಡಿದ 426ರಲ್ಲಿ ಸುಮಾರು ಮೂರನೇ ಒಂದು ಭಾಗ. ಕುಣಿಯುವ ಕಪ್ಪೆಗಳ 24ರಲ್ಲಿ ಎರಡು ಕ್ರಿಟಿಕಲಿ ಎಂಡೇಂಜರ್ಡ್, 15 ಎಂಡೇಂಜರ್ಡ್. ವಲ್ನರಬಲ್ ಆದವನ್ನೂ ಸೇರಿಸಿದರೆ ಶೇ. 92. ಪ್ರಪಂಚದಲ್ಲೇ ಅತಿ ಅಪಾಯದಲ್ಲಿರುವ ಉಭಯಚರ ಕುಲಗಳಲ್ಲಿ ಇದಕ್ಕೆ ಐದನೇ ಸ್ಥಾನ.

ಇನ್ನೊಂದು ಮಾತು. "ತುಂಬ ಇವೆ" ಅನ್ನುವ ಧೈರ್ಯ ಕಪ್ಪೆಗಳ ವಿಷಯದಲ್ಲಿ ಬಹಳ ಬೇಗ ಮುರಿದುಬೀಳುತ್ತದೆ. ಕೋಸ್ಟರಿಕದ ಮಾಂಟೆವೆರ್ಡೆ ಕಾಡಿನ ಬಂಗಾರದ ಕಪ್ಪೆಯನ್ನೇ ತಗೊಳ್ಳಿ. 1987ರಲ್ಲಿ ಮರಿ ಮಾಡಲು ಸಾವಿರದೈನೂರರಷ್ಟು ಸೇರಿದ್ದನ್ನು ನೋಡಿದ್ದಾರೆ. 1989ರಲ್ಲಿ ಒಂದೇ ಒಂದು ಗಂಡು. ಆಮೇಲೆ ಯಾರಿಗೂ ಕಂಡಿಲ್ಲ. ಅದು ಇದ್ದದ್ದೂ ಕೆಲವೇ ಚದರ ಕಿಲೋಮೀಟರಿನಲ್ಲಿ.

ಮಳೆ_ಮಾಪಕ:
ಇಲ್ಲಿ ಹವಾಮಾನದ ಮಾತು ಬರಲೇಬೇಕು. ಈ ಕಪ್ಪೆಗಳ ಕ್ಯಾಲೆಂಡರ್ ತುಂಬ ಬಿಗಿ. ಹಳ್ಳ ಭೋರ್ಗರೆಯುವಾಗ ಕೂರಲು ಬಂಡೆಯೇ ಸಿಗಲ್ಲ. ಪೂರ್ತಿ ಇಳಿದರೆ ಮೊಟ್ಟೆಗೆ ಜಾಗ ಇಲ್ಲ. ನಡುವಿನ ಕೆಲವು ತಿಂಗಳೇ ಅವುಗಳ ಋತು. ಹೆಣ್ಣು ಹಿಂಗಾಲಿನಿಂದ ಹಳ್ಳದ ತಳದ ಮರಳು ಕೆದಕಿ, ಮೊಟ್ಟೆ ಇಟ್ಟು, ಮೇಲೆ ಮರಳು ಮುಚ್ಚುತ್ತದೆ. ಗೊದಮೊಟ್ಟೆಗಳೂ ಮರಳಿನೊಳಗೇ ಬೆಳೆಯುತ್ತವೆ. ಹಾವುಮೀನಿನ ಹಾಗೆ ಉದ್ದ ಮೈ, ಕಣ್ಣಿನ ಮೇಲೆ ಚರ್ಮದ ಮುಚ್ಚಿಗೆ. 2016ರಲ್ಲಷ್ಟೇ ಇದರ ವಿವರ ಪ್ರಕಟವಾಯಿತು. ಅಷ್ಟು ವರ್ಷ ಇವುಗಳ ಗೊದಮೊಟ್ಟೆ ಎಲ್ಲಿರುತ್ತದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ!

ಈಗ ಯೋಚನೆ ಮಾಡಿ. ಅಕ್ಟೋಬರಿನಲ್ಲಿ ಒಂದು ರಾತ್ರಿ ಸುರಿಯಬಾರದಷ್ಟು ಸುರಿದು ಹಳ್ಳದ ತಳವೇ ಕೊಚ್ಚಿಕೊಂಡು ಹೋದರೆ ಆ ವರ್ಷದ ಮರಿಗಳ ಕತೆ ಅಲ್ಲಿಗೇ ಮುಗಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ರಸ್ತೆ ಸುದ್ದಿ ಪೇಪರಿನಲ್ಲಿ ಬಂತು. ಆ ಮಣ್ಣೆಲ್ಲ ಹೋಗಿ ಕೂತಿದ್ದು ಯಾವ ಹಳ್ಳದ ತಳದಲ್ಲಿ ಅಂತ ಯಾರೂ ಬರೆಯಲಿಲ್ಲ.

ಅದೇ ಸಮೀಕ್ಷೆಯ ಪ್ರಕಾರ 2004ರಿಂದ 2022ರವರೆಗೆ ದರ್ಜೆ ಕುಸಿದ ಜಾತಿಗಳಲ್ಲಿ ಶೇ. 39ಕ್ಕೆ ಮುಖ್ಯ ಕಾರಣ ಹವಾಮಾನ ಬದಲಾವಣೆ. ಅದಕ್ಕೂ ಮೊದಲಿನ ದಶಕಗಳಲ್ಲಿ ರೋಗ ಮತ್ತು ಕಾಡು ನಾಶ ಮುಂದಿದ್ದವು.

ಕಾಳುಮೆಣಸು:
ಹವಾಮಾನಕ್ಕೆ ನಾನೇನು ಮಾಡಲಿ. ನಂಗೆ ಭಯ ಇರೋದು ಬೇರೆ. ನಾಳೆ ಇದೇ ಕಪ್ಪೆ ಹಿಡ್ಕೊಂಡು ಬಂದು "ನಿಮ್ಮ ತೋಟ ಸೂಕ್ಷ್ಮ ಪ್ರದೇಶ, ಮರ ಮುಟ್ಟಬೇಡಿ, ಮನೆ ಕಟ್ಟಬೇಡಿ" ಅಂದ್ರೆ? ಪಶ್ಚಿಮ ಘಟ್ಟದಲ್ಲಿ ಸೂಕ್ಷ್ಮ ಪ್ರದೇಶ ಗುರುತು ಮಾಡಿದ ಕಸ್ತೂರಿರಂಗನ್ ವರದಿ ಬಂದಾಗಿಂದ ನಾವು ಇದೇ ಆತಂಕದಲ್ಲಿ ಬದುಕ್ತಿದೀವಿ. ಹುಡುಗ, ನೀನು ಹಳ್ಳದ ಫೋಟೋ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡು.

ಸಹ್ಯಾದ್ರಿ_ಸುತ್ತಾಟ:
ಎರಡು ಬೇರೆ ಬೇರೆ ವಿಷಯ ಕಲಸಿಬಿಟ್ರಿ ಸಾರ್. ಕೆಂಪು ಪಟ್ಟಿ ಕಾನೂನಲ್ಲ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ನಿಮ್ಮ ತೋಟಕ್ಕೆ ಯಾರೂ ಬರಲ್ಲ. ನಮ್ಮಲ್ಲಿ ಕಾನೂನು ಅಂದರೆ 1972ರ ವನ್ಯಜೀವಿ ಕಾಯ್ದೆ. ಅದರ ಷೆಡ್ಯೂಲುಗಳು, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಗಳೇ ಬೇರೆ, ಐಯುಸಿಎನ್ ದರ್ಜೆಗೆ ತಕ್ಕಂತೆ ತಾವಾಗಿ ಬದಲಾಗುವುದಿಲ್ಲ.

ಇನ್ನು ಇಎಸ್‌ಎ, ಅಂದರೆ ನೀವು ಹೇಳಿದ ಪರಿಸರ ಸೂಕ್ಷ್ಮ ಪ್ರದೇಶ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಅಂತ ಕರಡು ಇತ್ತು. ಕೇಂದ್ರ 2024ರ ಜುಲೈ ಕೊನೆಗೆ ಆರನೇ ಸಲ ಕರಡು ಹೊರಡಿಸಿತು, ಸೆಪ್ಟೆಂಬರಿನಲ್ಲಿ ನಮ್ಮ ಸಂಪುಟ ಬೇಡ ಅಂದಿತು. ಆ ಕರಡು ಓದಿದರೆ ಅದು ನಿಲ್ಲಿಸಲು ಹೊರಟಿದ್ದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆ, ಭಾರಿ ಕಟ್ಟಡಗಳನ್ನು. ಕಾಫಿ ಬೆಳೆಯಬೇಡಿ ಅಂತ ಎಲ್ಲೂ ಇಲ್ಲ. ಆದರೆ ಜನರ ಮುಂದೆ ಕೂತು ಇದನ್ನು ಕನ್ನಡದಲ್ಲಿ ಸರಿಯಾಗಿ ಹೇಳಿದವರೂ ಇಲ್ಲ. ಆ ಸಿಟ್ಟು ನ್ಯಾಯವೇ.

ಕಾಳುಮೆಣಸು:
ಕಾಗದದಲ್ಲಿ ಇರೋದೇ ಬೇರೆ, ಆಫೀಸಿನಲ್ಲಿ ಕೂತವರು ಓದೋದೇ ಬೇರೆ. ಅನುಭವ ಆಗಿರೋದಕ್ಕೇ ಹೇಳ್ತಿರೋದು. ಇರಲಿ.

ಕುದುರೆಮುಖ_ಕಣ್ಣು:
ಹಾಗಾದರೆ ಕಪ್ಪೆಗೆ ರಕ್ಷಣೆ ಸಿಕ್ಕಿದ್ದೆಲ್ಲಿ ಅಂದ್ರೆ, ಬೇರೆ ಯಾರದ್ದೋ ನೆಪದಲ್ಲಿ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಅಲ್ಲಿನ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ಯಾರೂ ಕಪ್ಪೆಗೋಸ್ಕರ ಮಾಡಿದ್ದಲ್ಲ. ಆದರೆ ಹಳ್ಳಗಳಿಗೆ ಹೂಳು ಬರುವುದು ನಿಂತರೆ ಲಾಭ ಕಪ್ಪೆಗೂ ಇದೆ. ಮುಖ್ಯ ತೊಂದರೆ ಇರುವುದು ಉದ್ಯಾನದ ಗಡಿಯ ಆಚೆ. ಅಲ್ಲಿನ ಹಳ್ಳಗಳು ಯಾರ ಲೆಕ್ಕಕ್ಕೂ ಸೇರಿಲ್ಲ.

ಮೇಲ್ವಿಚಾರಕರು:
ಮೇಲೆ ಒಬ್ಬರು ಹಳ್ಳದ ಜಿಪಿಎಸ್ ಜಾಗ ಹಾಕಿದ್ದರು, ತೆಗೆದಿದ್ದೇವೆ. ಅಪರೂಪದ ಪ್ರಾಣಿಗಳ ನಿಖರ ಜಾಗ ಇಲ್ಲಿ ಹಾಕಬೇಡಿ. ತಾಲೂಕಿನ ಹೆಸರು ಸಾಕು. ಚರ್ಚೆ ಮುಂದುವರಿಸಿ.

ಕ್ಯಾಮೆರಾ_ಕುಮಾರಿ:
ಜಾಗ ಗೊತ್ತಾದರೆ ಮೊದಲು ಬರುವವರು ನಾವೇ, ಫೋಟೋ ತೆಗೆಯುವವರು. ನಮ್ಮವರ ಬಗ್ಗೆಯೇ ಹೇಳ್ತಿದೀನಿ. ಕಪ್ಪೆಯನ್ನು ಹಿಡಿದು ಚೆಂದದ ಹಸಿರು ಎಲೆ ಮೇಲೆ ಕೂರಿಸುವುದು, ಓಡದಿರಲಿ ಅಂತ ಬೋಗುಣಿ ಕವುಚಿ ಇಡುವುದು, ಬಂಡೆ ಮಗುಚಿ ಹುಡುಕುವುದು, ಇದೆಲ್ಲ ನಡೆಯುತ್ತದೆ. ಕೈಗೆ ಸೊಳ್ಳೆ ಮುಲಾಮು ಬೇರೆ ಹಚ್ಚಿಕೊಂಡಿರ್ತಾರೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿ, ನಮ್ಮ ಕೈಯಲ್ಲಿರುವುದೆಲ್ಲ ಅದರ ಮೈಯೊಳಗೆ ಹೋಗುತ್ತದೆ. ಕುಣಿಯುವ ಕಪ್ಪೆಗೆ ಇದ್ಯಾವುದೂ ಬೇಕಾಗಿಯೇ ಇಲ್ಲ. ಇದು ಹಗಲಿನಲ್ಲೇ ಚಟುವಟಿಕೆಯಿಂದ ಇರುತ್ತದೆ. ಎರಡು ಮೂರು ಮೀಟರ್ ದೂರ, ದಡದಲ್ಲೇ ಅಲ್ಲಾಡದೆ ಕೂತರೆ ಸಾಕು, ಕಾಲು ಗಂಟೆಯಲ್ಲಿ ತಾನೇ ಶುರು ಮಾಡುತ್ತದೆ.

ಸುಮ್ನೆ_ಓದುಗ:
ಕಾಲು ಎತ್ತೋದು ಯಾಕೆ ಅಂತ ಯಾರೂ ಹೇಳಲಿಲ್ಲ.

ಗೊದಮೊಟ್ಟೆ:
ಹಳ್ಳದ ಸದ್ದಿಗೆ ಕೂಗು ಕೇಳಿಸುವುದಿಲ್ಲ, ಅದಕ್ಕೆ. ಕಾಲಿನ ಬೆರಳುಗಳ ನಡುವಿನ ಚರ್ಮ ಬಿಡಿಸಿ ತೋರಿಸಿದರೆ ಕಣ್ಣಿಗೆ ಬೀಳುತ್ತದೆ. ಪಕ್ಕದ ಗಂಡಿಗೆ "ಈ ಬಂಡೆ ನಂದು" ಅಂತ ಎಚ್ಚರಿಕೆ. ಮಾತು ಕೇಳದೆ ಹತ್ತಿರ ಬಂದವನಿಗೆ ಅದೇ ಕಾಲಲ್ಲಿ ಒದೆತವೂ ಬೀಳುತ್ತದೆ.

ಈಜುಗೊಳ:
ರೋಗದ ವಿಷಯ ಬಿಟ್ಟೇ ಹೋಯ್ತಲ್ಲ. ಕೈಟ್ರಿಡ್ ಅನ್ನೋ ಶಿಲೀಂಧ್ರ ಪ್ರಪಂಚದಲ್ಲಿ 501 ಜಾತಿಗಳನ್ನು ಕುಗ್ಗಿಸಿದೆ, 90 ಜಾತಿ ನಾಶವಾಗಿವೆ ಅಂತ 2019ರಲ್ಲಿ ಬಂದಿತ್ತು. ನಮ್ಮ ಕಪ್ಪೆಗಳಿಗೆ ಬಂದಿಲ್ವಾ?

ಗೊದಮೊಟ್ಟೆ:
ಶಿಲೀಂಧ್ರ ಪಶ್ಚಿಮ ಘಟ್ಟದ ಕಪ್ಪೆಗಳ ಮೈಮೇಲೂ ಸಿಕ್ಕಿದೆ. ಆದರೆ ಮಧ್ಯ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಆದ ಹಾಗೆ ರಾಶಿ ರಾಶಿ ಸತ್ತ ದಾಖಲೆ ಇಲ್ಲಿಲ್ಲ. ಇದರ ಮೂಲವೇ ಪೂರ್ವ ಏಷ್ಯಾ ಅಂತ 2018ರ ಒಂದು ಅಧ್ಯಯನ ತೋರಿಸಿತು. ಇಲ್ಲಿನ ಕಪ್ಪೆಗಳಿಗೆ ಅದರ ಜೊತೆ ಹಳೇ ಪರಿಚಯ ಇರಬಹುದು ಅನ್ನುವುದು ಒಂದು ಊಹೆ. ಹಾಗಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಹೊರಗಿನಿಂದ ಬೇರೆ ತಳಿ ಬರಬಹುದು, ಒಂದು ಹಳ್ಳದಿಂದ ಇನ್ನೊಂದಕ್ಕೆ ನಮ್ಮ ಬೂಟಿನಲ್ಲೇ ಹೋಗಬಹುದು. ಬೂಟು ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ ಆಮೇಲೆ ಬೇರೆ ಹಳ್ಳಕ್ಕೆ ಇಳಿಯಿರಿ. ಖರ್ಚಿಲ್ಲದ ಕೆಲಸ.

ಸುಮ್ನೆ_ಓದುಗ:
ಹಿಡಿದು ಮೃಗಾಲಯದಲ್ಲಿ ಸಾಕಿ ಮರಿ ಮಾಡಿಸಿ ಬಿಡಬಹುದಲ್ವಾ? ಹುಲಿ, ಮೊಸಳೆಗೆಲ್ಲ ಮಾಡ್ತಾರಲ್ಲ.

ಕುದುರೆಮುಖ_ಕಣ್ಣು:
ಟಾಂಜಾನಿಯದ ಕಿಹಾನ್ಸಿ ಕಪ್ಪೆಯ ಕತೆ ಓದಿ, ಆಮೇಲೆ ಹೇಳಿ. ಒಂದು ಜಲಪಾತದ ತುಂತುರು ಬೀಳುವ ಎರಡು ಹೆಕ್ಟೇರಿನಷ್ಟು ಜಾಗ, ಅದೇ ಅದರ ಇಡೀ ಪ್ರಪಂಚ. 1996ರಲ್ಲಿ ಕಂಡುಹಿಡಿದರು. 2000ದಲ್ಲಿ ವಿದ್ಯುತ್ ಯೋಜನೆಗೆ ಶೇ. 90 ನೀರು ತಿರುಗಿಸಿದರು. ತುಂತುರು ನಿಂತಿತು. ಗಾಬರಿಯಾಗಿ 499 ಕಪ್ಪೆಗಳನ್ನು ಅಮೆರಿಕದ ಮೃಗಾಲಯಗಳಿಗೆ ಕಳಿಸಿದರು, ಇತ್ತ ಕಣಿವೆಯಲ್ಲಿ ಪೈಪು ಎಳೆದು ಸ್ಪ್ರಿಂಕ್ಲರ್ ಕೂರಿಸಿದರು. ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡು 2003ರಲ್ಲಿ ಒಂದೇ ಸಲಕ್ಕೆ ಕುಸಿಯಿತು, ಕೈಟ್ರಿಡ್ ಕೂಡ ಪತ್ತೆಯಾಯಿತು. 2009ರಲ್ಲಿ 'ಕಾಡಿನಲ್ಲಿ ನಿರ್ನಾಮ' ಅನ್ನುವ ದರ್ಜೆ. ಅಮೆರಿಕದಲ್ಲೂ ಮೊದಲಿಗೆ ಬಹಳ ಸತ್ತವು. ಕೊನೆಗೆ ಬ್ರಾಂಕ್ಸ್ ಮತ್ತು ಟೊಲೀಡೊ ಎರಡು ಕಡೆ ಉಳಿದು, ಹೆಚ್ಚಿ, 2012ರಲ್ಲಿ ಎರಡು ಸಾವಿರದಷ್ಟನ್ನು ವಾಪಸ್ ತಂದು ಬಿಟ್ಟರು. ಆ ಕಪ್ಪೆ ನೇರವಾಗಿ ಮರಿ ಹಾಕುತ್ತದೆ, ಗೊದಮೊಟ್ಟೆಯ ರಗಳೆಯೇ ಇಲ್ಲ. ಆದರೂ ಇಷ್ಟು ಪಾಡು. ನಮ್ಮದಕ್ಕೆ ಹರಿಯುವ ನೀರು ಬೇಕು, ತಳದಲ್ಲಿ ಸರಿಯಾದ ಮರಳು ಬೇಕು, ಮೇಲೆ ನೆರಳು ಬೇಕು. ಹಳ್ಳ ಉಳಿಸುವುದೇ ಅಗ್ಗ.

ತೋಟದ_ಹುಡುಗ:
ಎಲ್ಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಅವರ ಪ್ರಶ್ನೆ ಸೀದಾ ಇದೆ. "ಸರಿ, ನಾವೇನು ಮಾಡಬೇಕು, ಏನು ಮಾಡಬಾರದು?" ಹಳ್ಳದಿಂದ ತೋಟಕ್ಕೆ ಪೈಪ್ ಹಾಕಿದೀವಿ. ದಡದ ಎರಡು ಮರ ತೆಗೆದು ಸಿಲ್ವರ್ ಓಕ್ ಹಾಕೋ ಯೋಚನೆಯೂ ಇತ್ತು.

ಗೊದಮೊಟ್ಟೆ:
ದಡದ ಮರ ತೆಗೆಯಬೇಡಿ, ಇದೇ ಮೊದಲು. ಬಿಸಿಲು ಬಂಡೆಗೆ ಬಿದ್ದರೆ ಅದು ಒಣಗುತ್ತದೆ, ಒಣಗಿದ ಬಂಡೆ ಮೇಲೆ ಈ ಕಪ್ಪೆ ಕೂರಲ್ಲ. ಸಿಲ್ವರ್ ಓಕ್ ಕಾಡುಮರದಷ್ಟು ನೆರಳು ಕೊಡುವುದಿಲ್ಲ. ತೋಟದ ಒಳಗೆ ಏನು ಬೇಕೋ ಮಾಡಿಕೊಳ್ಳಿ, ಹಳ್ಳದ ಎರಡೂ ಬದಿಯ ಪಟ್ಟಿ ಮಾತ್ರ ಹಾಗೇ ಬಿಡಿ. ಪೈಪಿನಲ್ಲಿ ನೀರು ತಗೊಳ್ಳಿ, ಆದರೆ ಹಳ್ಳಕ್ಕೆ ಅಡ್ಡ ಮಣ್ಣುಚೀಲ ಇಟ್ಟು ಕೆಳಗೆ ಒಂದು ಹನಿ ಹೋಗದ ಹಾಗೆ ಕಟ್ಟಬೇಡಿ, ಅದರಲ್ಲೂ ಜನವರಿಯೊಳಗೆ. ಔಷಧಿ ಹೊಡೆದ ಸ್ಪ್ರೇಯರನ್ನು ಹಳ್ಳದಲ್ಲಿ ತೊಳೆಯಬಾರದು.

ಎಣಿಸುವ ಆಸೆ ಇದ್ದರೆ ಅದೂ ಸುಲಭ. ಹಳ್ಳದ ನೂರು ಮೀಟರ್ ಗುರುತು ಮಾಡಿ, ಪ್ರತಿ ವರ್ಷ ಅದೇ ತಿಂಗಳು, ಬೆಳಗ್ಗೆ ಅದೇ ಹೊತ್ತಿಗೆ ದಡದಲ್ಲೇ ನಡೆದು ಕೂಗುವ ಗಂಡುಗಳನ್ನು ಲೆಕ್ಕ ಹಾಕಿ. ಹಿಂದಿನ ದಿನ ಎಷ್ಟು ಮಳೆ ಬಂತು ಅಂತಲೂ ಬರೆದಿಡಿ, ತೋಟದವರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇದ್ದೇ ಇರುತ್ತದಲ್ಲ. ಹತ್ತು ವರ್ಷದ ಅಂಥ ಲೆಕ್ಕ ಒಂದು ಹಳ್ಳದ್ದಾದರೂ ಸಿಕ್ಕಿದರೆ ಸಂಶೋಧಕರು ಕೈಮುಗಿದು ತಗೋತಾರೆ.

ಮಳೆ_ಮಾಪಕ:
ಒಂದು ಸೇರಿಸ್ತೀನಿ. ಸೊಳ್ಳೆಗೆ ಅಂತ ಗ್ಯಾಂಬೂಸಿಯ ಮೀನು ಬಿಡುವ ಅಭ್ಯಾಸ ಇದೆಯಲ್ಲ, ಅದನ್ನು ಹಳ್ಳದ ಹತ್ತಿರದ ಕೆರೆಗೆ, ತೊಟ್ಟಿಗೆ ಬಿಡಲೇಬೇಡಿ. 1928ರಲ್ಲಿ ಇಟಲಿಯಿಂದ ತಂದ ಮೀನು ಅದು. ಸೊಳ್ಳೆಮರಿ ಜೊತೆಗೆ ಕಪ್ಪೆಮೊಟ್ಟೆ, ಗೊದಮೊಟ್ಟೆ ಎಲ್ಲವನ್ನೂ ತಿನ್ನುತ್ತದೆ. ಕುಣಿಯುವ ಕಪ್ಪೆಗಳಿಗಿರುವ ಅಪಾಯಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ.

ಕಾಳುಮೆಣಸು:
ಅಯ್ಯೋ, ನಮ್ಮ ಸಿಮೆಂಟ್ ತೊಟ್ಟಿಯಲ್ಲಿ ಇದೇ ಮೀನು ಬಿಟ್ಟಿದಾರೆ. ತೊಟ್ಟಿ ತುಂಬಿದ್ರೆ ಹೆಚ್ಚಿನ ನೀರು ಹೋಗೋದು ಹಳ್ಳಕ್ಕೇ. ಈಗ ಏನ್ಮಾಡ್ಲಿ? ತೊಟ್ಟಿ ಬಳಿದು ಹಳ್ಳಕ್ಕೆ ಚೆಲ್ಲಿಬಿಡ್ಲಾ?

ಮಳೆ_ಮಾಪಕ:
ಚೆಲ್ಲಬೇಡಿ ಮಾರಾಯ್ರೆ! ಬೇಸಿಗೆಯಲ್ಲಿ ನೀರು ಕಮ್ಮಿ ಇರುವಾಗ ಪೂರ್ತಿ ಖಾಲಿ ಮಾಡಿ, ಆ ನೀರನ್ನು ಹಳ್ಳದಿಂದ ದೂರ, ಗಿಡದ ಬುಡಕ್ಕೆ ಬಿಡಿ. ತೊಟ್ಟಿ ಪೂರ್ತಿ ಒಣಗಲಿ, ಮೂಲೆಯಲ್ಲಿ ಎಲ್ಲೂ ಗುಂಡಿ ನೀರು ಉಳಿಯದ ಹಾಗೆ ನೋಡಿ. ಈ ಮೀನು ನೇರ ಮರಿ ಹಾಕುತ್ತದೆ, ಒಂದು ಬಸುರಿ ಮೀನು ಉಳಿದರೂ ಮತ್ತೆ ತುಂಬುತ್ತದೆ. ಆಮೇಲೆ ತೊಟ್ಟಿಗೆ ಸೊಳ್ಳೆ ಬಲೆ ಮುಚ್ಚಿ. ಅಲ್ಲಿಯವರೆಗೆ ನೀರು ಹೊರಹೋಗುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಇವತ್ತೇ.

ಕಾಳುಮೆಣಸು:
ಜಾಲರಿ ಇದೆ, ಮೆಣಸು ಒಣಗಿಸೋಕೆ ತಂದಿದ್ದು. ಕಟ್ತೀನಿ. ಆ ಕರಡಿನ ಕನ್ನಡ ಪ್ರತಿ ಇದ್ರೆ ಯಾರಾದ್ರೂ ಹಾಕಿ, ನಾನೇ ಓದಿ ನೋಡ್ತೀನಿ.